ಬಾಲದ ಸೀಸ

"ಮೇಷ್ಟ್ರೇ, ನನ್ನ ಮೊದಲ ವಿಮಾನಕ್ಕೆ ಯಾವ ಮೋಟಾರ್ ಹಾಕಲಿ?"

ಕೇಳಿದವಳು ಪಂಕಜಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ ಕಟ್ಟುವುದನ್ನು ಕಲಿಯಲು ಆರು ತಿಂಗಳಿಂದ ಪ್ರತಿ ಭಾನುವಾರ ಕರಿಬಸಪ್ಪ ಮೇಷ್ಟ್ರ ಮನೆಗೆ ಬರುತ್ತಿದ್ದಳು. ಶಾಲೆಯ ಅಂಗಳದಲ್ಲಿ, ನಾನೂರು ಮಕ್ಕಳ ಎದುರು, ತಾನೇ ಕಟ್ಟಿದ ವಿಮಾನ ಹಾರಿಸಿ ತೋರಿಸುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟುಬಿಟ್ಟಿದ್ದಳು. ವಿಮಾನ ಇನ್ನೂ ಕಟ್ಟಿರಲಿಲ್ಲ. ಆದರೆ ಬೇಕಾದ ಸಾಮಾನುಗಳ ಪಟ್ಟಿ ಸಿದ್ಧವಾಗಿತ್ತು, ಮತ್ತು ಪಟ್ಟಿಯ ಪ್ರತಿ ಸಾಲಿನಲ್ಲೂ ಅಂಗಡಿಯಲ್ಲಿ ಸಿಗುವ ದೊಡ್ಡದನ್ನೇ ಬರೆದಿದ್ದಳು.

"ಎಲ್ಲದರಲ್ಲೂ ಸ್ವಲ್ಪ ಹೆಚ್ಚೇ ಇಟ್ಟಿದ್ದೀನಿ ಮೇಷ್ಟ್ರೇ, ಒಂದು ಧೈರ್ಯಕ್ಕೆ," ಎಂದಳು.

ಮೇಷ್ಟ್ರು ಪಟ್ಟಿಯನ್ನು ಎರಡು ಸಲ ಓದಿದರು. ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಅದರ ಮೇಲೆ ಒಂದು ಸೀಸದ ತುಂಡನ್ನಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈಂಡಿಂಗ್ ಕೆಲಸಗಾರನಿದ್ದ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಅವನ ಹೆಸರಲ್ಲ, ಅವನ ಅಪ್ಪನ ಹೆಸರು. ಆ ಬೋರ್ಡಿನ ಕೆಳಗಿಂದ ಹೊರಟ ಮೋಟಾರು ಮತ್ತೆ ಸುಟ್ಟು ವಾಪಸು ಬಂದದ್ದನ್ನು ಸುತ್ತಲ ಹತ್ತೂರಿನಲ್ಲಿ ಯಾರೂ ಕಂಡಿರಲಿಲ್ಲ. ಅವನಿಗೆ ಆ ಹೆಮ್ಮೆಯಿತ್ತು. ಇರಬೇಕಾದ ಹೆಮ್ಮೆಯೇ ಅದು, ಅದರಲ್ಲಿ ತಪ್ಪೇನಿಲ್ಲ.

ಅವನ ಬಾಯಲ್ಲಿ ಸದಾ ಒಂದು ಮಾತಿತ್ತು: "ಒಂದು ನಂಬರು ಮೇಲಿರಲಿ." ಐದು ಎಚ್‌ಪಿ ಮೋಟಾರು ಸಾಕು ಎಂದು ಬಂದವರಿಗೆ ಏಳೂವರೆ ಹಾಕಿಸಿಕೊಳ್ಳಿ ಎನ್ನುತ್ತಿದ್ದ. ತಂತಿ, ಸ್ಟಾರ್ಟರು, ಕೇಬಲ್ಲು, ಎಲ್ಲವೂ ಒಂದು ನಂಬರು ಮೇಲೆ. ಹಳ್ಳಿಯ ಕರೆಂಟು ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಯಾರಿಗೆ ಗೊತ್ತು? ಬೋರ್‌ವೆಲ್ಲಿನ ನೀರು ಯಾವ ವರ್ಷ ಎಷ್ಟು ಕೆಳಗಿಳಿಯುತ್ತದೋ ಯಾರು ಬಲ್ಲರು? ಅಪ್ಪ ಕಲಿಸಿದ್ದ ಪಾಠ ಅದು. ಮೂವತ್ತು ವರ್ಷ ಅದು ಅವನನ್ನು ಕಾಪಾಡಿತ್ತು.

ಅದೇ ಊರಿನ ಹೊರಗೊಂದು ಮೈದಾನವಿತ್ತು. ಅಲ್ಲಿ ಹವ್ಯಾಸಿಗಳ ಸಂಘವೊಂದು ಮಾದರಿ ವಿಮಾನ ಹಾರಿಸುತ್ತಿತ್ತು. ಅವರ ಪುಟ್ಟ ಮೋಟಾರುಗಳು ಸುಟ್ಟಾಗ ಅವೂ ಇವನ ಅಂಗಡಿಗೇ ಬರುತ್ತಿದ್ದವು. ಇವನು ಸುತ್ತಿಕೊಡುತ್ತಿದ್ದ, ದುಡ್ಡಿನ ಬದಲು ಅವರ ರಿಮೋಟು ಹಿಡಿದು ಒಂದಿಷ್ಟು ಹೊತ್ತು ಹಾರಿಸುತ್ತಿದ್ದ. ಹೀಗೆ ಹಾರಿಸುವ ಕೈ ಪಳಗಿತು. ಕಟ್ಟುವ ಆಸೆ ಹುಟ್ಟಿತು.

ಒಂದು ದಿನ ಸಂಘದ ಹಿರಿಯನೊಬ್ಬ ಎಲ್ಲರೆದುರು ನಗುತ್ತ ಹೇಳಿದ: "ತಂತಿ ಸುತ್ತೋದು ಬೇರೆ ಕಣಪ್ಪಾ, ವಿಮಾನ ಕಟ್ಟೋದು ಬೇರೆ."

ನಗುತ್ತ ಹೇಳಿದ ಮಾತೇ ಹೆಚ್ಚು ಚುಚ್ಚುತ್ತದೆ. ವೈಂಡಿಂಗಿನವನ ಕಿವಿ ಕೆಂಪಾಯಿತು. "ಆಯುಧಪೂಜೆ ದಿನ ಬೆಳಿಗ್ಗೆ ಇದೇ ಮೈದಾನದಲ್ಲಿ ನಾನು ಕಟ್ಟಿದ ವಿಮಾನ ಹಾರುತ್ತೆ," ಎಂದ. "ಮೋಟಾರೂ ನಾನೇ ಸುತ್ತಿದ್ದು. ಹಾರಲಿಲ್ಲ ಅಂದ್ರೆ ಅಂಗಡಿ ಬೋರ್ಡು ಇಳಿಸಿಬಿಡ್ತೀನಿ."

ಮನೆ ತಲುಪುವಷ್ಟರಲ್ಲಿ ಅವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಪಣಕ್ಕಿಟ್ಟದ್ದು ತನ್ನ ಹೆಸರಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಇಟ್ಟದ್ದು ಅಪ್ಪನ ಹೆಸರನ್ನು. ಆಯುಧಪೂಜೆಗೆ ಎರಡು ತಿಂಗಳಿತ್ತು.

ಮರುದಿನವೇ ಸಾಮಾನು ತರಲು ಹೊರಟ. ವಿಮಾನ ಎಷ್ಟು ದೊಡ್ಡದೆಂದು ಇನ್ನೂ ಅವನೇ ತೀರ್ಮಾನಿಸಿರಲಿಲ್ಲ. ಮೋಟಾರು ತೀರ್ಮಾನವಾಗಿಹೋಗಿತ್ತು. ಮೊದಲ ವಿಮಾನಕ್ಕೆ ನಿಂಬೆಹಣ್ಣಿನಷ್ಟು ಮೋಟಾರು ಸಾಕು ಎಂದು ಅಂಗಡಿಯವನು ತೋರಿಸಿದ. ಇವನು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ನಕ್ಕುಬಿಟ್ಟ. ಇದನ್ನು ಚಟ್ನಿ ಅರೆಯಲೂ ನಾನು ಕೊಡಲಾರೆ ಅಂದುಕೊಂಡ. ಒಂದು ನಂಬರು ಮೇಲಿನದನ್ನು ಕೇಳಿದ. ಅದನ್ನು ನೋಡಿದ ಮೇಲೆ ಅದಕ್ಕೂ ಮೇಲಿನದು ಕಣ್ಣಿಗೆ ಬಿತ್ತು.

ದೊಡ್ಡ ಮೋಟಾರು ಕರೆಂಟು ಹೆಚ್ಚು ಎಳೆಯುತ್ತದೆ. ಹಾಗಾಗಿ ಅದರ ವೇಗವನ್ನು ಹಿಡಿತದಲ್ಲಿಡುವ ಸ್ಪೀಡ್ ಕಂಟ್ರೋಲರು ದೊಡ್ಡದೇ ಬೇಕಾಯಿತು. ಎರಡಕ್ಕೂ ಉಣಿಸಲು ಬ್ಯಾಟರಿ ದೊಡ್ಡದಾಯಿತು, ಇಟ್ಟಿಗೆಯ ಅರ್ಧದಷ್ಟು. ಇಷ್ಟು ಬಲದ ವಿಮಾನದ ಬಾಲವನ್ನೂ ರೆಕ್ಕೆಯ ಪಟ್ಟಿಗಳನ್ನೂ ತಿರುಗಿಸಲು ಪ್ಲಾಸ್ಟಿಕ್ ಹಲ್ಲಿನ ಪುಟ್ಟ ಸರ್ವೊ ಮೋಟಾರುಗಳು ಸಾಲುವುದಿಲ್ಲವೆನಿಸಿ ಲೋಹದ ಹಲ್ಲಿನವನ್ನು ತಂದ. ಎಲ್ಲ ತಂದು ಮೇಜಿನ ಮೇಲೆ ಹರಡಿ ನೋಡಿದಾಗ ಅವನ ಮನಸ್ಸು ತುಂಬಿತು. ಒಂದೂ ಕಡಿಮೆಯದಿರಲಿಲ್ಲ. ಅಪ್ಪ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ.

ಮೋಟಾರಿನ ತಂತಿ ಬಿಚ್ಚಿ ತನ್ನ ಕೈಯಾರೆ ಮತ್ತೆ ಸುತ್ತಿದ. ಆಮೇಲೆ ಥರ್ಮಾಕೋಲಿನಲ್ಲಿ ವಿಮಾನ ಕಟ್ಟಲು ಕುಳಿತ. ಕಟ್ಟಿದ್ದು ಮೋಟಾರಿಗೆ ಒಂದು ಮನೆ ಅಷ್ಟೆ. ಮೂತಿ ಅದರ ಭಾರಕ್ಕೆ ಬಾಗಿತು, ಪ್ಲೈವುಡ್ಡಿನ ಆಸರೆ ಕೊಟ್ಟ. ರೆಕ್ಕೆ ಬಳುಕಿತು, ಒಳಗೆ ಎರಡು ಬಿದಿರಿನ ಸೀಳು ಕೂಡಿಸಿದ. ಕೊನೆಗೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದ. ವಿಮಾನ ಹಾಗೆ ಮಟ್ಟಸವಾಗಿ ನಿಲ್ಲಬೇಕು. ಅದು ಮೂತಿಯನ್ನು ನೆಲಕ್ಕೆ ಊರಿತು. ಬ್ಯಾಟರಿಯನ್ನು ಹಿಂದೆ ಸರಿಸೋಣವೆಂದರೆ ಅಷ್ಟು ದೊಡ್ಡ ಬ್ಯಾಟರಿಗೆ ಹಿಂದೆ ಜಾಗವಿಲ್ಲ. ಇದಕ್ಕೂ ಅವನ ಹತ್ತಿರ ಉಪಾಯವಿತ್ತು. ಹಳೆಯ ಬ್ಯಾಟರಿಯ ಸೀಸ ಕರಗಿಸಿ, ಒಂದು ತುಂಡು ಎರಕ ಹೊಯ್ದು, ಬಾಲಕ್ಕೆ ಬಿಗಿದ. ವಿಮಾನ ಎರಡು ಬೆರಳ ಮೇಲೆ ಮಟ್ಟಸವಾಗಿ ನಿಂತಿತು. ಎಂಥ ತಲೆ ನನ್ನದು ಅಂದುಕೊಂಡ.

ಆಯುಧಪೂಜೆಗೆ ಇಪ್ಪತ್ತು ದಿನ ಇರುವಾಗ ಪರೀಕ್ಷೆ ಮಾಡಲು ಊರಾಚೆಯ ಕೆರೆಯಂಗಳಕ್ಕೆ ಹೋದ. ಜೊತೆಗೆ ಪಕ್ಕದ ಅಂಗಡಿಯ ಅಕ್ಕಸಾಲಿಗನನ್ನು ಕರೆದುಕೊಂಡ. ಇಬ್ಬರದೂ ಗೋಡೆಗೆ ಗೋಡೆ ಹಚ್ಚಿದ ಅಂಗಡಿಗಳು, ಇಪ್ಪತ್ತೈದು ವರ್ಷದ ಗೆಳೆತನ. ಆ ಗೆಳೆತನದಲ್ಲಿ ಒಬ್ಬರನ್ನೊಬ್ಬರು ಹೊಗಳಿದ ದಾಖಲೆ ಇರಲಿಲ್ಲ.

ಮೋಟಾರು ಗರ್ಜಿಸಿತು. ವಿಮಾನ ಬಾಣದ ಹಾಗೆ ಹೊರಟಿತು. ಅಕ್ಕಸಾಲಿಗ ಬೆದರಿ ಎರಡು ಹೆಜ್ಜೆ ಹಿಂದೆ ಸರಿದ. ತೆಂಗಿನ ಮರದೆತ್ತರ ಏರಿದ ಮೇಲೆ ವೈಂಡಿಂಗಿನವನು ಅದನ್ನು ತಿರುಗಿಸಬೇಕೆಂದು ವೇಗ ತಗ್ಗಿಸಿದ. ತಗ್ಗಿಸಿದ್ದೇ ತಡ, ಕಲ್ಲು ಬಿದ್ದ ಹಾಗೆ ಬಿತ್ತು. ರೆಕ್ಕೆ ಮೂರು ತುಂಡು. ಥರ್ಮಾಕೋಲು ಕೆರೆಯಂಗಳದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಹರಡಿತು.

ಅವನು ಓಡಿಹೋಗಿ ಮೊದಲು ಎತ್ತಿಕೊಂಡದ್ದು ಮೋಟಾರನ್ನು. ಒರೆಸಿ, ತಿರುಗಿಸಿ ನೋಡಿ, "ಒಂದು ಗೀರೂ ಬಿದ್ದಿಲ್ಲ ನೋಡು," ಎಂದ.

"ಹೌದು ಮಾರಾಯ," ಎಂದ ಅಕ್ಕಸಾಲಿಗ. "ಮೋಟಾರು ಬಹಳ ಚೆನ್ನಾಗಿ ಬಿತ್ತು."

ಹಿಂತಿರುಗುವ ದಾರಿಯಲ್ಲಿ ವೈಂಡಿಂಗಿನವನು ಒಂದೇ ಮಾತು ಹೇಳಿದ. ಬಲ ಸಾಲಲಿಲ್ಲ, ಇನ್ನೊಂದು ನಂಬರು ಮೇಲಿನ ಮೋಟಾರು ತರಬೇಕಿತ್ತು. ಅಕ್ಕಸಾಲಿಗ ಅವನನ್ನು ನೇರ ತನ್ನ ಅಂಗಡಿಗೆ ಕರೆದುಕೊಂಡು ಹೋಗಿ, ಚಿನ್ನ ತೂಗುವ ತಕ್ಕಡಿಯ ಗಾಜಿನ ಬಾಗಿಲು ತೆರೆದ.

"ನಿನ್ನ ವಿಮಾನ ಎಷ್ಟು ತೂಗ್ತಿತ್ತು?"

ವೈಂಡಿಂಗಿನವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಮೋಟಾರಿನ ಎಚ್‌ಪಿ ಕೇಳುವವರುಂಟು, ವೋಲ್ಟು ಕೇಳುವವರುಂಟು. ತೂಕ ಕೇಳುವವರು ಗುಜರಿಯವರು ಮಾತ್ರ. ಹಾಗೆಂದೇ ಹೇಳಿದ. ಅಕ್ಕಸಾಲಿಗ ನಗಲಿಲ್ಲ. ಮುರಿದ ವಿಮಾನದ ಒಂದೊಂದೇ ಭಾಗವನ್ನು ತಕ್ಕಡಿಯಲ್ಲಿಟ್ಟು, ಗ್ರಾಮಿನ ಲೆಕ್ಕದಲ್ಲಿ ಚೀಟಿಯ ಮೇಲೆ ಬರೆಯುತ್ತ ಹೋದ. ಕೊನೆಗೆ ಸೀಸದ ತುಂಡನ್ನು ಕೈಗೆತ್ತಿಕೊಂಡ.

"ಇದು ಏನು ಕೆಲಸ ಮಾಡುತ್ತೆ?"

"ಮೂತಿ ಭಾರ ಇತ್ತಲ್ಲ, ಅದನ್ನ ಸರಿದೂಗಿಸುತ್ತೆ."

"ಮೂತಿ ಯಾಕೆ ಭಾರ ಆಯ್ತು?"

"ಮೋಟಾರು, ಬ್ಯಾಟರಿ."

"ಅಷ್ಟು ದೊಡ್ಡ ಬ್ಯಾಟರಿ ಯಾಕೆ?"

"ಮೋಟಾರಿಗೆ."

"ಅಷ್ಟು ದೊಡ್ಡ ಮೋಟಾರು?"

ವೈಂಡಿಂಗಿನವನು ಬಾಯಿ ತೆರೆದ. ಇದನ್ನೆಲ್ಲ ಎತ್ತೋದಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಚೀಟಿಯನ್ನು ನೋಡಿದ. ವಿಮಾನವೆಂದು ಕರೆಯಬಹುದಾದದ್ದು, ಅಂದರೆ ರೆಕ್ಕೆ, ಮೈ, ಬಾಲ, ಎಲ್ಲ ಸೇರಿದರೂ ಒಟ್ಟು ತೂಕದಲ್ಲಿ ಕಾಲು ಭಾಗ ದಾಟಿರಲಿಲ್ಲ. ಉಳಿದವು ಒಂದನ್ನೊಂದು ಹೊರುವುದರಲ್ಲೇ ಮುಗಿದುಹೋಗಿದ್ದವು.

ಅಕ್ಕಸಾಲಿಗ ಹೇಳಿದ: "ನನ್ನ ಕಸುಬಲ್ಲೂ ಇದೇ ಇದೆ. ಓಲೆ ಭಾರ ಆದ್ರೆ ಕಿವಿ ಹರಿಯುತ್ತೆ ಅಂತ ಕೂದಲಿಗೆ ಸಿಕ್ಕಿಸೋ ಮಾಟಿ ಮಾಡಿಸ್ಕೋತಾರೆ. ಆಮೇಲೆ ಆ ಮಾಟಿಯ ಭಾರಕ್ಕೆ ಕೂದಲು ಎಳೆಯುತ್ತೆ ಅಂತ ಬಂದು ಕೂರ್ತಾರೆ. ಹಾಕ್ಕೊಂಡಿದ್ದು ಕಿವಿಗೇ ಮರೆತುಹೋಗೋ ಹಾಗೆ ಓಲೆ ಮಾಡಿದ್ರೆ ನಾನು ಅಕ್ಕಸಾಲಿಗ. ನಿನ್ನ ಪಂಪಿನ ಮೋಟಾರಿನ ಭಾರ ಭೂಮಿತಾಯಿ ಹೊರ್ತಾಳೆ. ಆಕಾಶದಲ್ಲಿ ಯಾರು ಹೊರ್ತಾರೆ?"

ವೈಂಡಿಂಗಿನವನಿಗೆ ಸಿಟ್ಟು ಬಂತು. ಎದ್ದು ಹೋದ. ಎರಡು ದಿನ ಆ ಕಡೆ ಮುಖ ಹಾಕಲಿಲ್ಲ. ಸಿಟ್ಟು ಗೆಳೆಯನ ಮೇಲೆ ಅಂದುಕೊಂಡಿದ್ದ. ಮೂರನೆಯ ದಿನ ಬೋರ್ಡಿನ ಧೂಳು ಒರೆಸುತ್ತಿದ್ದಾಗ ಅದು ಹಾಗಲ್ಲ ಎಂದು ತಿಳಿಯಿತು. ಅಪ್ಪ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಆದರೆ ಅಪ್ಪ ಅದನ್ನು ಹೇಳಿದ್ದು ನೆಲದ ಮೇಲೆ ನಿಂತು. ಅಷ್ಟು ಒಪ್ಪಿಕೊಳ್ಳಲು ಅವನಿಗೆ ಮೂರು ದಿನ ಬೇಕಾಯಿತು. ಕೆಲವರಿಗೆ ಮೂವತ್ತು ವರ್ಷ ಸಾಲುವುದಿಲ್ಲ.

ಅವನು ಅಕ್ಕಸಾಲಿಗನ ಅಂಗಡಿಗೆ ಹೋಗಿ ತಕ್ಕಡಿ ಕೇಳಿದ. ತಕ್ಕಡಿಯನ್ನು ಹೊರಗೆ ಕೊಡುವುದಿಲ್ಲ, ಬೇಕಾದರೆ ನೀನೇ ಇಲ್ಲಿ ಕೂತು ಕಟ್ಟು ಎಂದ ಗೆಳೆಯ. ಹಾಗೆ ಎರಡನೆಯ ವಿಮಾನ ಚಿನ್ನದ ಅಂಗಡಿಯಲ್ಲಿ ಹುಟ್ಟಿತು.

ಈ ಸಲ ಮೊದಲು ಕಟ್ಟಿದ್ದು ರೆಕ್ಕೆ ಮತ್ತು ಮೈ. ಒಂದು ಗಜ ಅಗಲದ ರೆಕ್ಕೆ, ಒಳಗೆ ಒಂದೇ ಬಿದಿರಿನ ಸೀಳು. ಅಂಟು ಒಣಗಿದ ಮೇಲೆ ತೂಗಿದ. ಅದಕ್ಕೆ ಬೇಕಾದ ಉಳಿದ ಸಾಮಾನು ಎಷ್ಟಾದೀತೆಂದು ಅಂದಾಜು ಕೂಡಿಸಿ, ಇಡೀ ವಿಮಾನ ಇದಕ್ಕಿಂತ ಹೆಚ್ಚು ತೂಗಬಾರದು ಎಂದು ಗೋಡೆಯ ಮೇಲೆ ಒಂದು ಅಂಕಿ ಬರೆದ. ಆಮೇಲೆ ಸಾಮಾನಿನ ಅಂಗಡಿಗೆ ಹೋದ. ಮೊದಲೇ ಮೋಟಾರು ಕೇಳಲಿಲ್ಲ.

ಬಾಲದ ಪಟ್ಟಿಯನ್ನು ಕಿರುಬೆರಳಿನಿಂದ ಒತ್ತಿ ನೋಡಿದ್ದ. ಅಷ್ಟು ಬಲಕ್ಕೆ ಪ್ಲಾಸ್ಟಿಕ್ ಹಲ್ಲಿನ ಸರ್ವೊ ಸಾಕಾಗಿತ್ತು. ಬ್ಯಾಟರಿ ಅರ್ಧ ಗಂಟೆಗೆ ಬರುವುದು ಬೇಡ, ಹತ್ತು ನಿಮಿಷಕ್ಕೆ ಬಂದರೆ ಸಾಕೆಂದ. ಆಕಾಶ ನೋಡುತ್ತ ನಿಂತವನಿಗೆ ಹತ್ತು ನಿಮಿಷಕ್ಕೇ ಕತ್ತು ನೋಯುತ್ತದೆ. ಮೋಟಾರಿನ ಸರದಿ ಬಂದಾಗ ಆ ನಿಂಬೆಹಣ್ಣಿನಷ್ಟರದ್ದನ್ನೇ ತೆಗೆದುಕೊಂಡ. ವಿಮಾನದ ಮೂತಿಗೆ ಹಾಕುವ ಫ್ಯಾನನ್ನು ಅದಕ್ಕೆ ಸಿಕ್ಕಿಸಿ, ಗಾಳಿ ಮೇಲೆ ಹೋಗುವ ಹಾಗೆ ಮನೆಯಿಂದ ತಂದ ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ ಓಡಿಸಿದ. ಮೋಟಾರು ತಕ್ಕಡಿಯನ್ನು ಕೆಳಗೆ ಒತ್ತಿದ್ದಷ್ಟೂ ಅದರ ಎಳೆಯುವ ಬಲ. ಮುಳ್ಳು ಗೋಡೆಯ ಮೇಲಿನ ಅಂಕಿಯ ಹತ್ತಿರ ಬಂದು ನಿಂತಿತು. ಅವನಿಗೆ ಅದು ಸಾಕಾಗಿತ್ತು.

ಉಳಿದದ್ದು ಸ್ಪೀಡ್ ಕಂಟ್ರೋಲರು. ಮೋಟಾರು ಹದಿನೈದು ಆಂಪಿಯರ್ ಎಳೆಯುತ್ತಿತ್ತು. ಅಷ್ಟೊತ್ತಿಗೆ ಅಕ್ಕಸಾಲಿಗನಿಗೆ ತೂಕ ಇಳಿಸುವ ಹುಚ್ಚು ಹಿಡಿದಿತ್ತು.

"ಹದಿನೈದರದ್ದೇ ಹಾಕು. ಒಂದಿಷ್ಟು ಗ್ರಾಂ ಉಳಿಯುತ್ತೆ."

ವೈಂಡಿಂಗಿನವನು ತಲೆ ಎತ್ತಿದ. "ಬೇಡ. ಚಿನ್ನ ನಿನಗೆ ಗೊತ್ತು, ಕರೆಂಟು ನನಗೆ ಗೊತ್ತು. ಇದು ಕಾದು ಕೈಕೊಟ್ಟರೆ ಮಿಕ್ಕಿದ್ದೆಲ್ಲ ನೆಲಕ್ಕೆ. ಇಲ್ಲಿ ಒಂದು ನಂಬರು ಮೇಲಿರಬೇಕು."

ಇಪ್ಪತ್ತರದ್ದನ್ನು ತಕ್ಕಡಿಯಲ್ಲಿಟ್ಟ. ಹದಿನೈದರದ್ದಕ್ಕಿಂತ ನಾಲ್ಕು ಗ್ರಾಂ ಮಾತ್ರ ಹೆಚ್ಚಿತ್ತು. ಅಕ್ಕಸಾಲಿಗ ಅದನ್ನೇ ಚೀಟಿಯಲ್ಲಿ ಬರೆದುಕೊಂಡ. ಗೆಳೆಯನ ಮುಂದೆ ಅವನು ಸೋತದ್ದು ಅದೇ ಮೊದಲು. ಅಪ್ಪನ ಮಾತು ಹೋಗಬೇಕಾದ ಜಾಗಕ್ಕೆ ಹೋಗಿ ಕೂತಿತು.

ಆ ಪುಟ್ಟ ಮೋಟಾರಿನ ತಂತಿಯನ್ನೂ ಅವನೇ ಬಿಚ್ಚಿ ಸುತ್ತಿದ. ಬಿಡಬಹುದಿತ್ತು. ಆದರೆ ಮೋಟಾರು ನನ್ನ ಕೈಯದೇ ಎಂದು ಮೈದಾನದಲ್ಲಿ ಹೇಳಿದ್ದನಲ್ಲ. ಬೋರ್‌ವೆಲ್ ಮೋಟಾರು ಸುತ್ತಿದ ದಪ್ಪ ಬೆರಳುಗಳು, ಐವತ್ತೆಂಟರ ಕಣ್ಣು. ಎರಡು ಸಲ ಸುತ್ತು ತಪ್ಪಿ ಬಿಚ್ಚಿದ. ಮೂರನೆಯ ಸಲ ಅಕ್ಕಸಾಲಿಗ ತಾನು ಹರಳು ಕೂಡಿಸುವಾಗ ಹಾಕಿಕೊಳ್ಳುವ ಭೂತಗನ್ನಡಿಯನ್ನು ತೆಗೆದು ಅವನ ಕಣ್ಣಿಗೆ ಕಟ್ಟಿದ. ಆ ಗಾಜನ್ನು ಅವನು ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ. ಸುತ್ತು ಮುಗಿದಾಗ ಒಂದರ ಪಕ್ಕ ಒಂದು ತಂತಿ ಕೂತ ರೀತಿ ನೋಡಿ, "ಪರವಾಗಿಲ್ಲ," ಎಂದ ಅಕ್ಕಸಾಲಿಗ. ಇಪ್ಪತ್ತೈದು ವರ್ಷದಲ್ಲಿ ಅವನು ಗೆಳೆಯನಿಗೆ ಆಡಿದ ಮೊದಲ ಹೊಗಳಿಕೆ ಅದು.

ಎಲ್ಲ ಕೂಡಿಸಿದ ಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದ. ಮೂತಿ ಕೊಂಚ ಬಾಗಿತು. ಬ್ಯಾಟರಿಯನ್ನು ಒಂದು ಬೆರಳಗಲ ಹಿಂದೆ ಸರಿಸಿದ. ವಿಮಾನ ಮಟ್ಟಸವಾಗಿ ನಿಂತಿತು. ಸೀಸದ ತುಂಡು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಯಾರೂ ಕೇಳಲಿಲ್ಲ. ವೈಂಡಿಂಗಿನವನು ವಿಮಾನವನ್ನು ಕೆಳಗಿಳಿಸದೆ ತುಂಬ ಹೊತ್ತು ನಿಂತ. ಅವನಿಗೆ ಹೆಮ್ಮೆಯಾಗಿತ್ತು. ದೊಡ್ಡ ಸಾಮಾನುಗಳನ್ನು ಮೇಜಿನ ಮೇಲೆ ಹರಡಿದ ದಿನವೂ ಹೆಮ್ಮೆಯಾಗಿತ್ತು. ಆದರೆ ಅಂದು ಯಾರಾದರೂ ಬಂದು ನೋಡಲಿ ಅನಿಸಿತ್ತು. ಈಗ ಹಾಗೆ ಅನಿಸಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಮೈದಾನದಲ್ಲಿ ಸಂಘದವರೆಲ್ಲ ಸೇರಿದ್ದರು. ಬೋರ್ಡು ಇಳಿಯುತ್ತದೆಂಬ ಸುದ್ದಿ ಕೇಳಿ ಬಂದವರು ಇನ್ನೂ ಹೆಚ್ಚು. ಅಕ್ಕಸಾಲಿಗ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕೆ ಮೆಲ್ಲನೆ ತೂರಿದ. ಮೋಟಾರು ಗರ್ಜಿಸಲಿಲ್ಲ. ಜೇನುಹುಳು ಗುಂಯ್‌ಗುಟ್ಟಿದಷ್ಟೇ ಸದ್ದು. ವಿಮಾನ ಏರಿತು. ಎಲ್ಲರೂ ಕಾಯುತ್ತಿದ್ದ ತಿರುವು ಬಂತು. ಅವನು ವೇಗ ತಗ್ಗಿಸಿದ. ವಿಮಾನ ಬೀಳಲಿಲ್ಲ. ಒಂದು ರೆಕ್ಕೆ ಬಾಗಿಸಿ, ನಿಧಾನವಾಗಿ ತಿರುಗಿ, ಅವರ ತಲೆಯ ಮೇಲೇ ಹಾದುಹೋಯಿತು. ಅವನ ಕಣ್ಣು ತುಂಬಿಬಂತು, ಆದರೆ ರಿಮೋಟು ಹಿಡಿದವನು ಕಣ್ಣೊರೆಸಿಕೊಳ್ಳುವಂತಿಲ್ಲ. ಎಂಟು ನಿಮಿಷ ಹಾರಿಸಿ, ತನ್ನ ಕಾಲಿನ ಹತ್ತಿರವೇ ಹುಲ್ಲಿನ ಮೇಲಿಳಿಸಿದ.

ಸಂಘದ ಹಿರಿಯ ಬಂದು, ಬಗ್ಗಿ, ಮೋಟಾರಿನ ಸುತ್ತುಗಳನ್ನು ನೋಡಿ ಕೈ ಮುಗಿದ. ಅವನೂ ದೊಡ್ಡ ಮನುಷ್ಯನೇ. "ಎಷ್ಟು ಪವರಿನದಪ್ಪಾ ಇದು?" ಎಂದು ಕೇಳಿದ.

"ಇದಕ್ಕೆ ಎಷ್ಟು ಬೇಕೋ ಅಷ್ಟು," ಎಂದ ವೈಂಡಿಂಗಿನವನು. ಅಷ್ಟು ಚಿಕ್ಕ ಉತ್ತರವನ್ನು ಅಷ್ಟು ತಲೆಯೆತ್ತಿ ಅವನು ಎಂದೂ ಕೊಟ್ಟಿರಲಿಲ್ಲ.

ಆ ದಿನ ಅಂಗಡಿಯ ಪೂಜೆಯಲ್ಲಿ ಬೋರ್ಡಿಗೆ ಹೂವಿನ ಹಾರ ಬಿತ್ತು. ಇಕ್ಕಳ, ಸುತ್ತಿಗೆ, ತಂತಿ ಸುತ್ತುವ ಯಂತ್ರಗಳ ಸಾಲಿನಲ್ಲಿ ಆ ಸೀಸದ ತುಂಡನ್ನೂ ಇಟ್ಟ. ಇದೇನು ಆಯುಧವೇ ಎಂದು ಹೆಂಡತಿ ಕೇಳಿದಳು. ನನಗೆ ಪಾಠ ಹೇಳಿದ್ದು ಇದೇ ಎಂದು ಅದಕ್ಕೂ ಕುಂಕುಮವಿಟ್ಟ. ಮುಂದೆ ಅವನ ಹತ್ತಿರ ವಿಮಾನ ಕಟ್ಟಲು ಕಲಿಯುವವರು ಬರತೊಡಗಿದರು. ಮೊದಲ ಶಿಷ್ಯ ಬಂದದ್ದು ಒಂದು ದೊಡ್ಡ ಪಟ್ಟಿ ಹಿಡಿದುಕೊಂಡು. ಅವನ ಪ್ರಶ್ನೆ ಕೇಳಿ ವೈಂಡಿಂಗಿನವನು ಬೈಯಲಿಲ್ಲ. ಸೀಸದ ತುಂಡನ್ನು ಅವನ ಕೈಯಲ್ಲಿಟ್ಟ.

ಮೇಷ್ಟ್ರು ಕತೆ ನಿಲ್ಲಿಸಿದರು. ಪಂಕಜಾಳ ಕಣ್ಣು ಪಟ್ಟಿಯ ಮೇಲಿದ್ದ ಸೀಸಕ್ಕೆ ಹೋಯಿತು. ಅದರ ಒಂದು ಮೂಲೆಯಲ್ಲಿ ಹಳೆಯ ಕುಂಕುಮ ಕಪ್ಪಾಗಿ ಅಂಟಿಕೊಂಡಿತ್ತು.

"ಆ ಮೊದಲ ಶಿಷ್ಯ ನೀವೇನಾ ಮೇಷ್ಟ್ರೇ?"

"ನಾನೇ. ನನ್ನ ಗುರುವಿನ ಕೈಯಿಂದ ಬಂದದ್ದು ಇದು," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಹೆಮ್ಮೆಯಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಪಂಕಜಾ ಕೇಳಿದಳು: "ಹಾಗಾದ್ರೆ ನನ್ನ ವಿಮಾನಕ್ಕೆ ಇದು ಬೇಕಾಗಲ್ಲ ಅಲ್ವಾ? ನನ್ನ ಪಟ್ಟಿಯಲ್ಲಿ ಸೀಸ ಇಲ್ಲವೇ ಇಲ್ಲ."

ಮೇಷ್ಟ್ರು ಸೀಸವನ್ನೆತ್ತಿ, ಪಟ್ಟಿಯನ್ನು ಅವಳ ಕಡೆಗೆ ತಿರುಗಿಸಿದರು.

"ಇದೆ ತಾಯಿ, ಪ್ರತಿ ಸಾಲಲ್ಲೂ ಇದೆ. ನೀನು ಅದಕ್ಕೆ ಧೈರ್ಯ ಅಂತ ಹೆಸರಿಟ್ಟಿದ್ದೀಯ."